49 ಲಿಂಡನ್‌ನ ಕಿಟ್ ಉಯ್ಯಾಲೆ ಎದುರು 299ರ ಉಯ್ಯಾಲೆ ಮಾರೋದು ಹೇಗೆ? (ಸೆಕೆಂಡ್ ಲೈಫ್)

ಜಗುಲಿಕಟ್ಟೆ:

ಸೆಕೆಂಡ್ ಲೈಫ್ ಅನ್ನೋ ಆನ್‌ಲೈನ್ 3ಡಿ ಲೋಕದ ಅಂಗಡಿ ತಾಣ ಮಾರ್ಕೆಟ್‌ಪ್ಲೇಸ್‌ನಲ್ಲಿ ಇರೋ ನನ್ನ ಸರಕು: ಒಳಾಂಗಣದ ತೂಗುಯ್ಯಾಲೆ. ನಾಲ್ಕು ಸರಪಳಿ, ತೇಗದ ಹಲಗೆ, ಹಿತ್ತಾಳೆ ಕೊಂಡಿ. ಮೆಶ್ (ತ್ರಿಕೋನಗಳಿಂದ ಹೆಣೆದ 3ಡಿ ಆಕಾರ) ಪೂರ್ತಿ ಬ್ಲೆಂಡರ್ ತಂತ್ರಾಂಶದಲ್ಲಿ ನಾನೇ ಕಟ್ಟಿದ್ದು, ಯಾರ ಕಿಟ್ಟೂ (ಮರುಮಾರಾಟಕ್ಕೆ ಅಂತ ಸಿಗೋ ಸಿದ್ಧ ಮಾದರಿ) ಅಲ್ಲ. ಅಳತೆ 1.8 × 0.7 × 2.2 ಮೀಟರ್, ಲ್ಯಾಂಡ್ ಇಂಪ್ಯಾಕ್ಟ್ (ಜಾಗದ ಸಾಮರ್ಥ್ಯದಲ್ಲಿ ವಸ್ತು ತಿನ್ನೋ ಪಾಲು) 19, ಬೆಲೆ ಅಲ್ಲಿನ ನಾಣ್ಯದಲ್ಲಿ 299 ಲಿಂಡನ್ ಡಾಲರ್.

ಅದೇ ಹುಡುಕಾಟದಲ್ಲಿ 49ಕ್ಕೆ, 10ಕ್ಕೆ, ಕೊನೆಗೆ ಪುಕ್ಕಟೆಗೂ ಉಯ್ಯಾಲೆ ಸಿಗ್ತವೆ. ಅವುಗಳಲ್ಲಿ ಎಂಟು ಹತ್ತು ಅಂಗಡಿಯವು ಬಣ್ಣ ಬಿಟ್ಟರೆ ಒಂದೇ ಅಚ್ಚಿನವು. ಕೇಳಬೇಕಾದ್ದು ಮೂರು: ಬೆಲೆ 99ಕ್ಕೆ ಇಳಿಸಿದರೆ ಏನಾದರೂ ಗಿಟ್ಟುತ್ತಾ? ಒಂದೇ ಅಚ್ಚಿನ ಅಂಗಡಿಗಳ ಮೇಲೆ ಕಳವಿನ ದೂರು ಕೊಡಬಹುದಾ? ಎರಡೂ ಆಗದಿದ್ದರೆ ಮೊದಲು ಕೈ ಹಾಕಬೇಕಾದ್ದು ಎಲ್ಲಿ?

ಸಂತೆಲೆಕ್ಕ:

ದೂರಿನ ವಿಷಯ ಮೊದಲು ಮುಗಿಸೋಣ. ಅದು ಕಳವಲ್ಲ, ಫುಲ್‌ಪರ್ಮ್ ಕಿಟ್. ಒಬ್ಬರು ಮೆಶ್ ಮಾಡಿ ನಕಲು, ಬದಲಾವಣೆ, ವರ್ಗಾವಣೆ ಮೂರೂ ಹಕ್ಕು ಕೊಟ್ಟು ವ್ಯಾಪಾರಿಗಳಿಗೆ ಮಾರ್ತಾರೆ. ಕೊಂಡವರು ಬಣ್ಣ ಹಚ್ಚಿ, ಹಕ್ಕು ಕಡಿಮೆ ಮಾಡಿ ತಮ್ಮ ಹೆಸರಲ್ಲಿ ಮಾರ್ತಾರೆ. ಕಿಟ್ಟಿನ ಪರವಾನಗಿಯೇ ಅದಕ್ಕೆ ಒಪ್ಪಿರತ್ತೆ.

ಖಾತ್ರಿ ಮಾಡ್ಕೊಳ್ಳೋದು ಸುಲಭ. ಇಬ್ಬರು ವ್ಯಾಪಾರಿಗಳ ಉಯ್ಯಾಲೆ ನೆಲದ ಮೇಲಿಟ್ಟು 'ಎಡಿಟ್ ಲಿಂಕ್ಡ್' ಗುರುತು ಹಾಕಿ ಒಂದೊಂದೇ ತುಂಡು ಆರಿಸಿ, ಸೃಷ್ಟಿಕರ್ತರ ಹೆಸರು ನೋಡಿ. ಇಡೀ ವಸ್ತುವಿಗೆ ಕಾಣೋದು ರೂಟ್ ತುಂಡಿನ (ಉಳಿದವು ಜೋಡಿಸಿಕೊಂಡಿರೋ ಮುಖ್ಯ ತುಂಡು) ಸೃಷ್ಟಿಕರ್ತರ ಹೆಸರು ಮಾತ್ರ. ಹಾಗಾಗಿ ಕೆಲವರು ತಾವೇ ಮಾಡಿದ ಒಂದು ಪಾರದರ್ಶಕ ಡಬ್ಬಿಯನ್ನ ರೂಟ್ ತುಂಡಾಗಿಟ್ಟು ಕಿಟ್ಟನ್ನ ಅದಕ್ಕೆ ಜೋಡಿಸಿರ್ತಾರೆ. ಒಳಗಿನ ತುಂಡುಗಳಲ್ಲಿ ಎರಡೂ ಕಡೆ ಒಂದೇ ಹೆಸರು ಬಂದರೆ ಅದು ಕಿಟ್. ನಿಮ್ಮದೇ ಮೆಶ್ ಬೇರೆಯವರ ಸೃಷ್ಟಿ ಅಂತ ಕಂಡರೆ ಮಾತ್ರ ಡಿಎಂಸಿಎ (ಅಮೆರಿಕದ ಕೃತಿಸ್ವಾಮ್ಯ ಕಾಯ್ದೆ) ದೂರು. ಅದನ್ನ ಹಕ್ಕುದಾರರು ಇಲ್ಲವೇ ಅವರು ಅಧಿಕಾರ ಕೊಟ್ಟವರು ಕೊಡಬೇಕು, ಆಗ ಹಳೇ ಬ್ಲೆಂಡ್ ಫೈಲುಗಳು ಬೇಕಾಗ್ತವೆ. ಅಳಿಸಬೇಡಿ.

ಈಗ ಬೆಲೆ. ಒಬ್ಬ ವ್ಯಾಪಾರಿ 1,500 ಲಿಂಡನ್ ಕೊಟ್ಟು ಕಿಟ್ ತಂದ ಅಂತಿಟ್ಟುಕೊಳ್ಳಿ. 49ರಲ್ಲಿ ಮಾರ್ಕೆಟ್‌ಪ್ಲೇಸ್‌ನ 10% ಕಮಿಷನ್ ಹೋಗಿ ಕೈಗೆ ಸುಮಾರು 44. 35 ಉಯ್ಯಾಲೆ ಹೋದರೆ ಅಸಲು ಬಂತು. ಆಮೇಲೆ ಬರೋದೆಲ್ಲ ಲಾಭ. ಕಾರ್ಖಾನೆ ಮಾಲಿಗಾದರೆ ಕಚ್ಚಾ ಸಾಮಾನು, ಲಾರಿ ಬಾಡಿಗೆ ಅಂತ ಒಂದು ತಳ ಇರತ್ತೆ. ಇಲ್ಲಿ ಎರಡನೇ ಪ್ರತಿಗೆ ಖರ್ಚೇ ಇಲ್ಲ, ಹಾಗಾಗಿ ತಳವೂ ಇಲ್ಲ. ನೀವು 99ಕ್ಕೆ ಇಳಿದರೆ ಅವನು 25ಕ್ಕೆ ಇಳೀತಾನೆ, ಅವನ ಪಕ್ಕದವನು ಸೊನ್ನೆಗೆ.

ಇನ್ನೊಂದು ಕಡೆಯಿಂದಲೂ ನೋಡಿ. ಅಮೆರಿಕದ ಡಾಲರಿಗೆ 250 ಲಿಂಡನ್ ಆಸುಪಾಸು ಅಂದರೆ 299 ಅನ್ನೋದು ಒಂದು ಡಾಲರು ಇಪ್ಪತ್ತು ಸೆಂಟ್. 49 ಅಂದರೆ ಇಪ್ಪತ್ತು ಸೆಂಟ್. ಮನೆ ಅಲಂಕಾರಕ್ಕೆ ಅಂತ ತಿಂಗಳಿಗೆ ಜಾಗದ ಬಾಡಿಗೆ ಕಟ್ಟೋ ಗಿರಾಕಿಗೆ ಆ ಒಂದು ಡಾಲರ್ ದೊಡ್ಡದಲ್ಲ. ಬೆಲೆ ಮುಟ್ಟಬೇಡಿ. ನಿಮ್ಮ ತೊಂದರೆ ಇರೋದು ಪ್ರಶ್ನೆಯಲ್ಲಿ ನೀವೇ ಬರೆದ ಇನ್ನೊಂದು ಅಂಕಿಯಲ್ಲಿ. 19.

ತ್ರಿಕೋನ:

ಹೌದು, 19 ಜಾಸ್ತಿಯಾಯ್ತು. 512 ಚದರ ಮೀಟರ್ ಮೇನ್‌ಲ್ಯಾಂಡ್ (ಕಂಪನಿಯೇ ನಡೆಸುವ ಭೂಭಾಗ) ತುಂಡಿಗೆ ಸಿಗುವ ಒಟ್ಟು ಸಾಮರ್ಥ್ಯವೇ 175. 1024ಕ್ಕೆ 351. ಸಣ್ಣ ಜಾಗದವರ ಒಂಬತ್ತರಲ್ಲಿ ಒಂದು ಪಾಲನ್ನು ನಿಮ್ಮ ಉಯ್ಯಾಲೆಯೇ ನುಂಗುತ್ತದೆ. ಗಿರಾಕಿ ಲಿಂಡನ್ ಕೊಡುವುದು ಒಂದು ಸಲ, ಲ್ಯಾಂಡ್ ಇಂಪ್ಯಾಕ್ಟ್ ಕೊಡುವುದು ವಸ್ತು ಅಲ್ಲಿರುವಷ್ಟು ದಿನ. ಕಿಟ್ ಮಾಲು ಸೋಲುವುದು ಇಲ್ಲೇ: ಒಂದೇ ಮೆಶ್ ಎಲ್ಲರಿಗೂ ಹೊಂದಬೇಕೆಂದು ವಿವರ ತುಂಬಿರುತ್ತಾರೆ, ಕೊಂಡ ವ್ಯಾಪಾರಿಗೆ ಅದನ್ನು ಹಗುರ ಮಾಡಲು ಮೂಲ ಫೈಲ್ ಸಿಕ್ಕಿರುವುದಿಲ್ಲ. ನಿಮ್ಮ ಹತ್ತಿರ ಇದೆ.

ಭಾರ ಇರುವುದು ಸರಪಳಿಯಲ್ಲಿ ಎಂದು ಊಹೆ. ಎಣಿಸಿ ನೋಡಿ. ಒಂದು ಕೊಂಡಿಯನ್ನು 8 × 6 ಭಾಗದ ಬಳೆಯಾಗಿ ಮಾಡಿದರೆ 48 ಚೌಕ, ಅಂದರೆ 96 ತ್ರಿಕೋನ. ಒಂದು ಸರಪಳಿಗೆ 30 ಕೊಂಡಿ, ನಾಲ್ಕು ಸರಪಳಿಗೆ 120. ಒಟ್ಟು 11,520 ತ್ರಿಕೋನ. ಹಲಗೆ, ಕೊಂಡಿಗೂಟ ಎಲ್ಲ ಸೇರಿದರೂ ಸಾವಿರ ದಾಟದು.

ಆದರೆ ನೆನಪಿಡಿ, ಲೆಕ್ಕ ಕೆಡಿಸುವುದು ಹತ್ತಿರದ ರೂಪವಲ್ಲ, ದೂರದ್ದು. ಪ್ರತಿ ಮೆಶ್‌ಗೂ ಹೈ, ಮೀಡಿಯಂ, ಲೋ, ಲೋಯೆಸ್ಟ್ ಎಂದು ನಾಲ್ಕು ಎಲ್‌ಓಡಿ, ಅಂದರೆ ದೂರಕ್ಕೆ ತಕ್ಕಂತೆ ತೋರಿಸುವ ರೂಪಗಳು. ಬೌಂಡಿಂಗ್ ಬಾಕ್ಸಿನ (ವಸ್ತು ಪೂರ್ತಿ ಹಿಡಿಸುವ ಡಬ್ಬಿಯ) ಅರ್ಧ ಕರ್ಣವನ್ನು 0.24, 0.06, 0.03ರಿಂದ ಭಾಗಿಸಿದರೆ ಯಾವ ದೂರದಲ್ಲಿ ರೂಪ ಬದಲಾಗುತ್ತದೆಂದು ಬರುತ್ತದೆ. ನಿಮ್ಮ ಅಳತೆಗೆ ಅರ್ಧ ಕರ್ಣ 1.46 ಮೀಟರ್. ಸುಮಾರು 6 ಮೀಟರಿಗೆ ಮೀಡಿಯಂ, 24ಕ್ಕೆ ಲೋ, 49ಕ್ಕೆ ಲೋಯೆಸ್ಟ್. 49 ಮೀಟರಿನಿಂದಾಚೆಯ ವಿಸ್ತೀರ್ಣವೇ ಎಲ್ಲಕ್ಕಿಂತ ದೊಡ್ಡದು, ಆದ್ದರಿಂದ ಅಲ್ಲಿ ಉಳಿದ ಒಂದೊಂದು ತ್ರಿಕೋನವೂ ದುಬಾರಿ. ಅಪ್‌ಲೋಡರ್‌ಗೆ ತಾನೇ ಎಲ್‌ಓಡಿ ಮಾಡು ಎಂದು ಬಿಟ್ಟರೆ ಸರಪಳಿಯನ್ನು ಚೂರುಚೂರು ಮಾಡಿ ಕೊಡುತ್ತದೆ: ನೋಡಲೂ ಅಸಹ್ಯ, ಭಾರವೂ ಇಳಿಯದು.

ಕೈಯಾರೆ ಹೀಗೆ ಮಾಡಿ:

ಹೈ: ಕೊಂಡಿಗಳನ್ನು 6 × 4ಕ್ಕೆ ಇಳಿಸಿ. ಕೊಂಡಿಗೆ 48 ತ್ರಿಕೋನ, ಒಟ್ಟು 5,760. ಆರು ಮೀಟರ್ ಒಳಗೆ ಮಾತ್ರ ಕಾಣುವುದರಿಂದ ಇಷ್ಟು ಶೋಕಿ ನಡೆಯುತ್ತದೆ.

ಮೀಡಿಯಂ, ಲೋ: ಕೊಂಡಿಗಳನ್ನು ಪೂರ್ತಿ ತೆಗೆಯಿರಿ. ಪ್ರತಿ ಸರಪಳಿಗೆ ಒಂದಕ್ಕೊಂದು ಅಡ್ಡವಾಗಿ ಎರಡು ಪಟ್ಟಿ, ಅದರ ಮೇಲೆ ಸರಪಳಿಯ ಚಿತ್ರ. ಸೆಕೆಂಡ್ ಲೈಫ್ ಸಾಮಾನ್ಯವಾಗಿ ಹಿಂಬದಿಯ ಮುಖ ತೋರಿಸದು, ಹಾಗಾಗಿ ಎರಡೂ ಕಡೆ ಬೇಕು. 4 ಸರಪಳಿ × 2 ಪಟ್ಟಿ × 2 ಬದಿ × 2 ತ್ರಿಕೋನ, ಒಟ್ಟು 32.

ಲೋಯೆಸ್ಟ್: ಹಲಗೆಗೆ ಒಂದು ಡಬ್ಬಿ 12 ತ್ರಿಕೋನ, ಸರಪಳಿಗೆ ಒಂದೊಂದೇ ಪಟ್ಟಿ 16. ಇಲ್ಲಿಗೆ ಸಾಕು. ಇದನ್ನೂ ತೆಗೆದು ಒಂದೇ ತ್ರಿಕೋನ ಬಿಡುವವರಿದ್ದಾರೆ. ಅಂಥ ಉಯ್ಯಾಲೆ ಅಂಗಳದ ಆಚೆ ಬದಿಯಿಂದ ನೋಡಿದರೆ ಮಾಯ.

ಪಟ್ಟಿಯ ಟೆಕ್ಸ್ಚರ್‌ಗೆ (ಮೇಲೆ ಹಚ್ಚುವ ಚಿತ್ರಕ್ಕೆ) ಆಲ್ಫಾ ಮಾಸ್ಕಿಂಗ್ ಹಾಕಿ (ಪ್ರತಿ ಚುಕ್ಕಿ ಪೂರ್ತಿ ಕಾಣುತ್ತದೆ, ಇಲ್ಲವೇ ಪೂರ್ತಿ ಮಾಯ), ಅರೆಪಾರದರ್ಶಕ ಬ್ಲೆಂಡಿಂಗ್ ಬೇಡ. ಬ್ಲೆಂಡಿಂಗ್ ಇದ್ದರೆ ಹಿಂದೆ ಪರದೆಯೋ ಗಾಜೋ ಬಂದಾಗ ಯಾವುದು ಮುಂದೆ ಯಾವುದು ಹಿಂದೆ ಎಂದು ವ್ಯೂವರ್‌ಗೆ (ಸೆಕೆಂಡ್ ಲೈಫ್ ತೋರಿಸುವ ತಂತ್ರಾಂಶಕ್ಕೆ) ಗೊಂದಲವಾಗಿ ಸರಪಳಿ ಮಿನುಗುತ್ತದೆ.

ಇನ್ನು ಹಲಗೆ, ಸರಪಳಿ, ಕೊಂಡಿಗೂಟಗಳನ್ನು ಬೇರೆಬೇರೆ ಮೆಶ್ ಮಾಡಿ ಜೋಡಿಸಬೇಡಿ. ಸರ್ವರ್ ಲೆಕ್ಕದಲ್ಲಿ ತುಂಡಿಗೆ 0.5 ಬೀಳುತ್ತದೆ. ಒಂದು ಮೆಶ್‌ನಲ್ಲಿ 8 ಮೆಟೀರಿಯಲ್ (ಬೇರೆಬೇರೆ ಮೇಲ್ಮೈ) ತನಕ ಇಡಬಹುದು, ನಿಮಗೆ ಮೂರು ಸಾಕು. ಫಿಸಿಕ್ಸ್‌ಗೆ (ಡಿಕ್ಕಿಯ ಲೆಕ್ಕಕ್ಕೆ) ಒಂದೇ ಚಪ್ಪಟೆ ಡಬ್ಬಿ ಕೊಡಿ, ಹಲಗೆಯಷ್ಟು. ಸರಪಳಿಯ ತೆಳ್ಳನೆ ತ್ರಿಕೋನಗಳನ್ನೇ ಫಿಸಿಕ್ಸ್‌ಗೂ ಕೊಟ್ಟರೆ ಆ ಅಂಕಿಯೇ ಒಟ್ಟು ಇಂಪ್ಯಾಕ್ಟ್ ಆಗಿಬಿಡುತ್ತದೆ. ಡೌನ್‌ಲೋಡ್, ಫಿಸಿಕ್ಸ್, ಸರ್ವರ್ ಮೂರರಲ್ಲಿ ದೊಡ್ಡದು ಯಾವುದೋ ಅದೇ ಲೆಕ್ಕಕ್ಕೆ.

ಪ್ರಯೋಗಕ್ಕೆ ದುಡ್ಡು ಸುರಿಯಬೇಡಿ, ಪರೀಕ್ಷಾ ಗ್ರಿಡ್‌ನಲ್ಲಿ (ಸೆಕೆಂಡ್ ಲೈಫ್‌ನ ಪ್ರಯೋಗದ ಲೋಕದಲ್ಲಿ) ಅಪ್‌ಲೋಡ್ ಮಾಡಿ ನೋಡಿ. ಮುಖ್ಯ ಗ್ರಿಡ್‌ನ ಹೆಸರು ಅಗ್ನಿ, ಪರೀಕ್ಷೆಯದು ಅದಿತಿ. ನಮ್ಮವರಿಗೆ ಬಾಯಿಪಾಠ ಮಾಡುವ ಕಷ್ಟವಿಲ್ಲ. ನೋಡುವಾಗ ಡೀಬಗ್ ಸೆಟ್ಟಿಂಗ್‌ನಲ್ಲಿ ರೆಂಡರ್‌ವಾಲ್ಯೂಮ್‌ಎಲ್‌ಓಡಿಫ್ಯಾಕ್ಟರ್ (ದೂರದಲ್ಲೂ ಎಷ್ಟು ವಿವರ ಕಾಣಬೇಕೆಂಬ ಅಂಕಿ) 1ಕ್ಕೆ ಇಳಿಸಿ. ತಯಾರಕರು 4 ಇಟ್ಟುಕೊಂಡು ಚೆಂದ ಕಂಡಿತೆಂದು ಮಾರುತ್ತಾರೆ, ಗಿರಾಕಿಯ ಪರದೆಯಲ್ಲಿ ಅದೇ ವಸ್ತು ಹರಿದು ಕಾಣುತ್ತದೆ.

ಹೊಸ್ತಿಲು:

ಮೇಲಿನವರು ಬಿಟ್ಟದ್ದು ಟೆಕ್ಸ್ಚರ್. ಆಲ್ಫಾ ಇರೋ ಒಂದು 1024 ಚಿತ್ರ ಗ್ರಾಫಿಕ್ಸ್ ಮೆಮೊರಿಯಲ್ಲಿ 4 ಎಂಬಿ ತಿನ್ನತ್ತೆ, 512ರದ್ದು 1 ಎಂಬಿ. ಒಂದು ಕಿಟ್ಟಲ್ಲಿ ಅಂಥ 12 ಇದ್ದರೆ 48 ಎಂಬಿ, ಅದೂ ಒಂದು ಉಯ್ಯಾಲೆಗೆ! ನಿಮ್ಮದಕ್ಕೆ ಮರಕ್ಕೊಂದು 512, ಹಿತ್ತಾಳೆ ಮತ್ತು ಸರಪಳಿಗೆ ಸೇರಿ ಇನ್ನೊಂದು 512 ಸಾಕು. ದಿಂಬಿಗೆ ಗುಳೇದಗುಡ್ಡ ಖಣದ ವಿನ್ಯಾಸ ಹಾಕೋದಾದರೆ 256ರ ಒಂದು ಚೌಕ ಬಿಡಿಸಿ ಪುನರಾವರ್ತನೆ ಮಾಡಿ. ಖಣದ ನೇಯ್ಗೆಯೇ ಸಣ್ಣ ಚಿತ್ತಾರ ಮತ್ತೆ ಮತ್ತೆ ಬರೋದು, ಹೊಲಿಗೆ ಗೊತ್ತಾಗಲ್ಲ.

ಕಿಟ್ ಮಾಡೋರಿಗೆ 'ಇಂಡಿಯನ್' ಅಂದರೆ ಆನೆ, ಜರೋಖಾ, ಕಿತ್ತಳೆ ಪರದೆ. ಮಣೆ, ಒರಳುಕಲ್ಲು, ತುಳಸಿಕಟ್ಟೆ, ತೊಟ್ಟಿಮನೆಯ ಕಂಬ ಅವರ ಪಟ್ಟಿಗೆ ಬರೋ ಹೊತ್ತಿಗೆ ನೀವು ಇಡೀ ಜಗುಲಿ ಮುಗಿಸಿರ್ತೀರಿ. ಒಂಟಿ ಉಯ್ಯಾಲೆ 49ರ ಜೊತೆ ಪಕ್ಕಪಕ್ಕ ನಿಲ್ಲತ್ತೆ. ಒಂದೇ ಮರ, ಒಂದೇ ಹಿತ್ತಾಳೆಯ ಆರು ವಸ್ತುಗಳ ಸೆಟ್ಟಿಗೆ ಹೋಲಿಸೋಕೆ ಏನೂ ಸಿಗಲ್ಲ. ಪುಕ್ಕಟೆ ಕೊಡಲೇಬೇಕು ಅಂದರೆ ಸೆಟ್ಟಿನ ಮಣೆ ಕೊಡಿ, ಉಯ್ಯಾಲೆ ಬೇಡ. ಮಣೆ ಮನೆಗೆ ಹೋದಮೇಲೆ ಅದರ ಮರಕ್ಕೆ ಹೊಂದೋದು ನಿಮ್ಮ ಅಂಗಡಿಯಲ್ಲಿ ಮಾತ್ರ.

ಕೂರೋ ಭಂಗಿಗಳೂ ಹಾಗೇ. ಕಿಟ್ ಉಯ್ಯಾಲೆಗಳಲ್ಲಿ ಕಾಲು ಇಳಿಬಿಟ್ಟು ಕೂರೋದು, ತಬ್ಬಿಕೊಳ್ಳೋದು, ಮುಗೀತು. ಚಕ್ಕಂಬಕ್ಕಲ ಹಾಕಿ ಕೂತದ್ದು, ಒಂದು ಕಾಲಲ್ಲಿ ನೆಲ ಒದ್ದು ತೂಗೋದು, ಹಲಗೆ ಮೇಲೆ ಮಧ್ಯಾಹ್ನದ ನಿದ್ದೆ ಸೇರಿಸಿ. ಕೂರಿಸೋಕೆ ಎವಿಸಿಟರ್ ಅನ್ನೋ ಮುಕ್ತ ಸ್ಕ್ರಿಪ್ಟ್ ಇದೆ. ಅದರ ಎವಿಪೋಸ್ ನೋಟ್‌ಕಾರ್ಡಲ್ಲಿ ಭಂಗಿಗಳನ್ನ ಬರೆದರಾಯ್ತು.

ಹಕ್ಕುಗಳು: ನಕಲು ಮತ್ತು ಬದಲಾವಣೆ ಕೊಡಿ, ವರ್ಗಾವಣೆ ಬೇಡ. ಬದಲಾವಣೆ ಹಕ್ಕಿದ್ದರೆ ಗಿರಾಕಿ ತನ್ನ ಗೋಡೆಗೆ ತಕ್ಕ ಬಣ್ಣ ಹಚ್ಕೋತಾನೆ. ಆದರೆ ಒಳಗಿನ ಒಂದು ಸ್ಕ್ರಿಪ್ಟ್‌ಗೆ ಆ ಹಕ್ಕಿಲ್ಲದಿದ್ದರೂ ಇನ್ವೆಂಟರಿಯಲ್ಲಿ ಇಡೀ ವಸ್ತು 'ನೋ ಮಾಡಿಫೈ' ಅಂತ ತೋರಿಸತ್ತೆ. ಮೆಶ್ ಬದಲಾಯಿಸಬಹುದು, ಸ್ಕ್ರಿಪ್ಟ್ ಆಗಲ್ಲ ಅಂತ ವಿವರಣೆಯಲ್ಲಿ ಬರೀರಿ, ಇಲ್ಲಾಂದ್ರೆ ಒಂದು ನಕ್ಷತ್ರದ ವಿಮರ್ಶೆ ಗ್ಯಾರಂಟಿ. ಡಬ್ಬಿ ಕಟ್ಟೋ ಮುಂಚೆ ಇನ್ನೊಂದು ಖಾತೆಗೆ ಕಳಿಸಿ, ಒಳಗಿನ ಪ್ರತಿ ವಸ್ತುವಿನ ಹಕ್ಕು ನೋಡಿ. ನಕಲು ಮತ್ತು ವರ್ಗಾವಣೆ ಎರಡೂ ಹಕ್ಕನ್ನ ಮರೆತು ಕೊಟ್ಟುಬಿಟ್ಟ ಉಯ್ಯಾಲೆ ನಾಳೆ ಪುಕ್ಕಟೆ ಡಬ್ಬಿಗಳಲ್ಲಿ ಓಡಾಡತ್ತೆ. ವಾಪಸ್ ತರೋ ದಾರಿ ಇಲ್ಲ.

ಮಾರ್ಕೆಟ್‌ಪ್ಲೇಸ್‌ನ ಸರಕುಪಟ್ಟಿಯಲ್ಲಿ ಮೊದಲ ಚಿತ್ರ ಉಯ್ಯಾಲೆ, ಎರಡನೇದು 25 ಮೀಟರ್ ದೂರದಿಂದ ತೆಗೆದದ್ದು, ಅದರ ಮೇಲೆ ದೊಡ್ಡದಾಗಿ ಲ್ಯಾಂಡ್ ಇಂಪ್ಯಾಕ್ಟ್ ಅಂಕಿ. ಶೀರ್ಷಿಕೆಯಲ್ಲಿ 'ಝೂಲಾ', 'ಪೋರ್ಚ್ ಸ್ವಿಂಗ್' ಎರಡೂ ಇರಲಿ. ಕೊಳ್ಳೋರು ಕನ್ನಡದಲ್ಲಿ ಹುಡುಕಲ್ಲ.

ಜಗುಲಿಕಟ್ಟೆ:

ತ್ರಿಕೋನ ಹೇಳಿದಂತೆ ನಾಲ್ಕೂ ಫೈಲ್ ಕೊಟ್ಟಾಗ 'ಮೆಟೀರಿಯಲ್ ಆಫ್ ಮಾಡೆಲ್ ಈಸ್ ನಾಟ್ ಎ ಸಬ್‌ಸೆಟ್ ಆಫ್ ರೆಫರೆನ್ಸ್ ಮಾಡೆಲ್' ಅಂತ ನಿಲ್ಲತ್ತೆ. ಹೈ ಮಾತ್ರ ಕೊಟ್ಟರೆ ಹೋಗತ್ತೆ. ಇನ್ನೊಂದು, ಹತ್ತು ಬಣ್ಣ ಬೇಕು. ಮಾರ್ಕೆಟ್‌ಪ್ಲೇಸ್‌ನಲ್ಲಿ ಹತ್ತು ಸರಕುಪಟ್ಟಿಯಾ, ಒಂದೇನಾ?

ತ್ರಿಕೋನ:

ಸರಪಳಿ ಪಟ್ಟಿಗೆ ಹೊಸ ಮೆಟೀರಿಯಲ್ ಹಾಕಿದ್ದೀರಿ, ಅದು ಹೈ ಮಾದರಿಯಲ್ಲಿ ಇಲ್ಲ. ಕೆಳಗಿನ ಎಲ್‌ಓಡಿಗಳಲ್ಲಿ ಹೈನಲ್ಲಿರುವ ಮೆಟೀರಿಯಲ್ ಹೆಸರುಗಳಷ್ಟೇ ಇರಬೇಕು, ಅಕ್ಷರ ತಪ್ಪದೆ. ಬ್ಲೆಂಡರ್‌ನಲ್ಲಿ ನಕಲು ಮಾಡಿದಾಗ ಹೆಸರಿನ ಕೊನೆಗೆ .001 ಅಂಟಿಕೊಂಡಿದ್ದರೂ ಇದೇ ದೋಷ. ಸರಪಳಿಯ ಕೊಂಡಿಗೂ ಪಟ್ಟಿಗೂ ಒಂದೇ ಮೆಟೀರಿಯಲ್ ಕೊಡಿ, ಆ 512ರ ಚಿತ್ರದಲ್ಲಿ ಒಂದು ಮೂಲೆ ಹಿತ್ತಾಳೆ, ಇನ್ನೊಂದು ಉದ್ದ ಪಟ್ಟಿ ಸರಪಳಿ. ಯುವಿ (ಚಿತ್ರದ ಯಾವ ಭಾಗ ಮೆಶ್‌ನ ಎಲ್ಲಿಗೆ ಎಂಬ ನಕ್ಷೆ) ಅಲ್ಲಿಗೆ ಸರಿಸಿದರಾಯಿತು.

ಸಂತೆಲೆಕ್ಕ:

ಬಣ್ಣಕ್ಕೆ: ಒಂಟಿ ಬಣ್ಣ 299, ಹತ್ತೂ ಸೇರಿದ ಫ್ಯಾಟ್‌ಪ್ಯಾಕ್ 899. ಒಂಟಿ ಬಣ್ಣದವು ಮೂರೇ ಸರಕುಪಟ್ಟಿ ಸಾಕು, ಹತ್ತು ಹಾಕಿದರೆ ಮಾರಾಟ, ವಿಮರ್ಶೆ ಎಲ್ಲ ಹಂಚಿಹೋಗಿ ಯಾವುದೂ ಮೇಲೆ ಏಳಲ್ಲ. ಮರಕ್ಕೆ ಹತ್ತು ಟೆಕ್ಸ್ಚರ್ ಬೇಡ. ನೆರಳನ್ನ ಚಿತ್ರದಲ್ಲೇ ಸೇರಿಸಿದ (ಬೇಕ್ ಮಾಡಿದ) ಒಂದು ಬೂದು ಚಿತ್ರ, ಅದರ ಮೇಲೆ ಸ್ಕ್ರಿಪ್ಟಲ್ಲಿ ಎಲ್‌ಎಲ್‌ಸೆಟ್‌ಲಿಂಕ್‌ಕಲರ್ ಅನ್ನೋ ಆಜ್ಞೆಯಿಂದ ಬಣ್ಣ. ತೇಗ, ಹಲಸು, ಬೀಟೆಗೆ ಬಣ್ಣದ ಅಂಕಿ ಬದಲಾದರೆ ಸಾಕು. ಡಬ್ಬಿಯೊಳಗೆ ಸೆಕೆಂಡ್ ಲೈಫ್ ಒಳಗಿನ ನಿಮ್ಮ ಅಂಗಡಿಯ ಲ್ಯಾಂಡ್‌ಮಾರ್ಕ್ (ಜಾಗದ ವಿಳಾಸ) ಇಡೋದು ಮರೀಬೇಡಿ, ಅಲ್ಲೇ ಬಂದು ಕೊಂಡರೆ ಮಾರ್ಕೆಟ್‌ಪ್ಲೇಸ್‌ನ ಆ 10% ಹೋಗಲ್ಲ.