ಹೊಸ ಗೇಮ್ ಕನ್ಸೋಲ್‌ಗೆ ಐದು ಮೀಟರ್ ಎಚ್‌ಡಿಎಂಐ ಕೇಬಲ್: ಹುಬ್ಬಳ್ಳಿ–ಧಾರವಾಡದಲ್ಲಿ ಸಿಗುತ್ತದೆಯೇ?

ಪ್ರಶ್ನೆ (ಸಪ್ತಾಪುರ, ಧಾರವಾಡ)

ಎಲ್ಲರಿಗೂ ನಮಸ್ಕಾರ. ದುಬೈನಲ್ಲಿರುವ ನಮ್ಮ ಅಣ್ಣ ಈ ಸಲ ಊರಿಗೆ ಬರುವಾಗ ಮಕ್ಕಳಿಗೆಂದು ನಿಂಟೆಂಡೊ ಸ್ವಿಚ್ 2 ತಂದುಕೊಟ್ಟಿದ್ದಾರೆ. 2025ರ ಜೂನ್ 5ರಂದು ಬಿಡುಗಡೆಯಾದ ಕನ್ಸೋಲ್ ಇದು. ಡಾಕ್ (ಕನ್ಸೋಲನ್ನು ಕೂಡಿಸಿ ಟಿವಿಗೆ ಜೋಡಿಸುವ ಪೀಠ), ಅಡಾಪ್ಟರ್ ಮತ್ತು ಚಿತ್ರ–ಧ್ವನಿಗಳನ್ನು ಟಿವಿಗೆ ಒಯ್ಯುವ ಎಚ್‌ಡಿಎಂಐ ಕೇಬಲ್ ಡಬ್ಬಿಯಲ್ಲಿಯೇ ಬಂದಿವೆ. ಡಾಕ್ ಅನ್ನು ಟಿವಿಯ ಪಕ್ಕದಲ್ಲಿ ಸ್ಟೂಲಿನ ಮೇಲಿಟ್ಟು ಆ ಕೇಬಲ್ಲಿನಿಂದ ಜೋಡಿಸಿದರೆ 4ಕೆ (ಅತಿ ಸ್ಪಷ್ಟ) ಚಿತ್ರ ಯಾವ ಅಡ್ಡಿಯೂ ಇಲ್ಲದೆ ಬರುತ್ತದೆ.

ತೊಂದರೆ ಇರುವುದು ಉದ್ದದಲ್ಲಿ. ನಮ್ಮ ಮನೆಯಲ್ಲಿ ಟಿವಿಯನ್ನು ಗೋಡೆಗೆ ತೂಗುಹಾಕಿದ್ದು, ಸೆಟ್‌ಟಾಪ್ ಬಾಕ್ಸ್ ಮೊದಲಾದವೆಲ್ಲ ಮೂಲೆಯ ಕಪಾಟಿನಲ್ಲಿವೆ. ಮನೆ ಕಟ್ಟಿಸುವಾಗಲೇ ಗೋಡೆಯೊಳಗೆ ಪೈಪ್ ಹಾಕಿಸಿ, ಅದರಲ್ಲಿ ಐದು ಮೀಟರಿನ ಒಂದು ಎಚ್‌ಡಿಎಂಐ ಕೇಬಲ್ ಎಳೆಸಿದ್ದೆವು. ಸೆಟ್‌ಟಾಪ್ ಬಾಕ್ಸ್‌ಗೆ ಇಂದಿಗೂ ಅದು ಸರಿಯಾಗಿಯೇ ಕೆಲಸ ಮಾಡುತ್ತದೆ. ಆದರೆ ಅದೇ ಕೇಬಲ್ಲಿಗೆ ಸ್ವಿಚ್ 2 ಜೋಡಿಸಿದರೆ ಪರದೆ ಆಗಾಗ ಕಪ್ಪಾಗಿ ಮತ್ತೆ ಬೆಳಗುತ್ತದೆ, ಧ್ವನಿಯೂ ಜೊತೆಗೇ ಕಡಿದುಹೋಗುತ್ತದೆ. ಸೆಟ್ಟಿಂಗ್‌ನಲ್ಲಿ 1080ಪಿಗೆ, ಅಂದರೆ 4ಕೆಗಿಂತ ಕಡಿಮೆ ಸ್ಪಷ್ಟತೆಗೆ, ಇಳಿಸಿದ ಕೂಡಲೇ ಎಲ್ಲವೂ ಸರಿಹೋಗುತ್ತದೆ.

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಮತ್ತು ಧಾರವಾಡದ ಸುಭಾಸ್ ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದೆ. ಸ್ವಿಚ್‌ಗೆ ಬೇರೆಯದೇ ಕೇಬಲ್ ಬೇಕು, ಬೆಂಗಳೂರಿನಿಂದ ತರಿಸಬೇಕು ಎಂದು ಒಂದು ಅಂಗಡಿಯವರು ಹೇಳಿದರು. ಇನ್ನೊಂದು ಅಂಗಡಿಯವರು ಮೇಲೆ ‘8ಕೆ’ ಎಂದು ಅಚ್ಚಾಗಿದ್ದ ಕೇಬಲ್ ತೋರಿಸಿದರು. ಆದರೆ ಅದರ ಪೊಟ್ಟಣದ ಮೇಲೆ ತಯಾರಕರ ಹೆಸರೂ ಇರಲಿಲ್ಲ. ಮತ್ತೊಬ್ಬರು ಡಾಕ್ ಇಲ್ಲದೆಯೇ ನೇರವಾಗಿ ಟಿವಿಗೆ ಹಾಕಬಹುದೆಂದು ಟೈಪ್–ಸಿಯಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ಕೊಡಲು ಬಂದರು. ಇವುಗಳಲ್ಲಿ ಯಾವುದನ್ನು ನಂಬಬೇಕು, ಕೊಳ್ಳುವಾಗ ಏನನ್ನು ನೋಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಗದಗ, ಟಿವಿ ದುರಸ್ತಿ)

ನಮಸ್ಕಾರ ಸರ್. ಮೊದಲಿಗೆ ಸ್ಪಷ್ಟವಾಗಬೇಕಾದ ಸಂಗತಿಯೆಂದರೆ, ಡಾಕ್‌ನಿಂದ ಟಿವಿಗೆ ಹೋಗುವ ‘ಸ್ವಿಚ್ ಕೇಬಲ್’ ಎಂಬ ಪ್ರತ್ಯೇಕ ವಸ್ತುವೇ ಇಲ್ಲ. ಅದು ಎಲ್ಲ ಟಿವಿಗಳಲ್ಲಿರುವ ಅದೇ ಹತ್ತೊಂಬತ್ತು ಪಿನ್ನಿನ ಎಚ್‌ಡಿಎಂಐ. ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕೂಡ ಇದನ್ನೇ ಬಳಸುತ್ತವೆ. ಆದ್ದರಿಂದ ಅಂಗಡಿಯಲ್ಲಿ ಕನ್ಸೋಲಿನ ಹೆಸರು ಹೇಳಿ ಕೇಬಲ್ ಕೇಳಿದರೆ ಇಲ್ಲವೆಂಬ ಉತ್ತರವೇ ಬರುತ್ತದೆ. ಕೇಬಲ್ಲಿನ ವರ್ಗದ ಹೆಸರು ಹೇಳಿ ಕೇಳಬೇಕು.

ವರ್ಗಗಳಲ್ಲಿ ನಿಮಗೆ ಸಂಬಂಧಪಟ್ಟವು ಮೂರು. ‘ಹೈ ಸ್ಪೀಡ್’ ಕೇಬಲ್ ಸೆಕೆಂಡಿಗೆ 10.2 ಗಿಗಾಬಿಟ್‌ವರೆಗೆ, ‘ಪ್ರೀಮಿಯಂ ಹೈ ಸ್ಪೀಡ್’ 18 ಗಿಗಾಬಿಟ್‌ವರೆಗೆ, ‘ಅಲ್ಟ್ರಾ ಹೈ ಸ್ಪೀಡ್’ 48 ಗಿಗಾಬಿಟ್‌ವರೆಗೆ ಸಾಗಿಸಬಲ್ಲದು. 1080ಪಿ ಚಿತ್ರವನ್ನು 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಬಾರಿ) ಕಳುಹಿಸಲು ಸುಮಾರು ನಾಲ್ಕೂವರೆ ಗಿಗಾಬಿಟ್ ಸಾಕು. ಅದೇ 60 ಹರ್ಟ್ಸ್‌ನಲ್ಲಿ 4ಕೆ ಚಿತ್ರಕ್ಕೆ ಹೆಚ್ಚುಕಡಿಮೆ 18 ಗಿಗಾಬಿಟ್ ಬೇಕಾಗುತ್ತದೆ. ಗೋಡೆಯೊಳಗಿನ ನಿಮ್ಮ ಹಳೆಯ ಕೇಬಲ್ ಮೊದಲನೆಯದನ್ನು ಹೊರುತ್ತದೆ, ಎರಡನೆಯದಕ್ಕೆ ಸೋಲುತ್ತದೆ. ಪರದೆ ಕಪ್ಪಾಗುವುದು, ಧ್ವನಿ ಕಡಿಯುವುದು, ಕೆಲವೊಮ್ಮೆ ಬಿಳಿ ಚುಕ್ಕೆಗಳು ಮಿನುಗುವುದು, ಇವೆಲ್ಲವೂ ಕೇಬಲ್ಲಿಗೆ ಹೊರೆ ಹೆಚ್ಚಾದಾಗಿನ ಲಕ್ಷಣಗಳು. ಡಬ್ಬಿಯ ಕೇಬಲ್ಲಿನಲ್ಲಿ 4ಕೆ ಸರಿಯಾಗಿ ಬರುತ್ತಿರುವುದರಿಂದ ಕನ್ಸೋಲನ್ನೂ ಟಿವಿಯನ್ನೂ ಅನುಮಾನಿಸಬೇಕಾಗಿಲ್ಲ. ಒಂದನ್ನು ಮಾತ್ರ ಗಮನಿಸಿ: ಕೆಲವು ಟಿವಿಗಳಲ್ಲಿ ಎಲ್ಲ ಎಚ್‌ಡಿಎಂಐ ಕಿಂಡಿಗಳೂ ಒಂದೇ ಸಾಮರ್ಥ್ಯದವಾಗಿರುವುದಿಲ್ಲ. ಆದ್ದರಿಂದ ಎರಡೂ ಕೇಬಲ್‌ಗಳನ್ನು ಒಂದೇ ಕಿಂಡಿಗೆ ಹಾಕಿ ನೋಡಿರಿ.

ಕೇಬಲ್ಲಿನ ಮೇಲೆ ಅಚ್ಚಾಗಿರುವ ‘4ಕೆ’, ‘8ಕೆ’, ‘2.1’ ಎಂಬ ಅಕ್ಷರಗಳಿಗೆ ನಾನು ಯಾವ ಬೆಲೆಯನ್ನೂ ಕೊಡುವುದಿಲ್ಲ. 2.1 ಎಂಬುದು ತಾಂತ್ರಿಕ ಮಾನದಂಡದ ಆವೃತ್ತಿಯ ಸಂಖ್ಯೆ. ಅದನ್ನು ಯಾರು ಬೇಕಾದರೂ ಪ್ಲಾಸ್ಟಿಕ್ಕಿನ ಮೇಲೆ ಒತ್ತಬಹುದು. ನೀವು ನೋಡಬೇಕಾದದ್ದು ಪೊಟ್ಟಣದ ಮೇಲಿನ ಪ್ರಮಾಣೀಕರಣದ ಚೀಟಿಯನ್ನು. ಅದರ ಮೇಲೆ ‘ಅಲ್ಟ್ರಾ ಹೈ ಸ್ಪೀಡ್’ ಎಂಬ ಪೂರ್ಣ ಹೆಸರೂ ಕ್ಯೂಆರ್ ಸಂಕೇತವೂ ಇರುತ್ತವೆ. ಎಚ್‌ಡಿಎಂಐ ಸಂಸ್ಥೆಯವರದೇ ಆದ ಮೊಬೈಲ್ ಆ್ಯಪ್‌ನಿಂದ ಅದನ್ನು ಸ್ಕ್ಯಾನ್ ಮಾಡಿದರೆ ಚೀಟಿ ಅಸಲಿಯೋ ನಕಲಿಯೋ ಎಂಬುದು ಅಂಗಡಿಯ ಮುಂದೆ ನಿಂತಲ್ಲಿಯೇ ಗೊತ್ತಾಗುತ್ತದೆ. ಸ್ವಿಚ್ 2ರ ಡಾಕ್ ಗರಿಷ್ಠವೆಂದರೆ 4ಕೆಯನ್ನು 60 ಹರ್ಟ್ಸ್‌ನಲ್ಲಿ, 1080ಪಿ ಮತ್ತು 1440ಪಿಗಳನ್ನು 120 ಹರ್ಟ್ಸ್‌ನಲ್ಲಿ ಕೊಡುತ್ತದೆ. ಹಾಗಾಗಿ ಒಳ್ಳೆಯ ‘ಪ್ರೀಮಿಯಂ’ ಕೇಬಲ್ಲಿನಲ್ಲಿಯೂ ಕೆಲಸ ನಡೆಯಬಹುದು. ಆದರೆ ಎಚ್‌ಡಿಆರ್ (ಬೆಳಕು–ಬಣ್ಣಗಳ ವ್ಯಾಪ್ತಿ ಹೆಚ್ಚಿಸುವ ವಿಧಾನ) ಸೇರಿದಾಗ 18 ಗಿಗಾಬಿಟ್‌ನ ಅಂಚಿನಲ್ಲಿಯೇ ನಿಲ್ಲಬೇಕಾಗುವುದರಿಂದ, ಮತ್ತು ಡಬ್ಬಿಯಲ್ಲಿ ಬಂದಿರುವುದೂ ಅಲ್ಟ್ರಾ ಹೈ ಸ್ಪೀಡ್ ಕೇಬಲ್ಲೇ ಆಗಿರುವುದರಿಂದ, ಹೊಸದಾಗಿ ಹಣ ಹಾಕುವವರು ಅದನ್ನೇ ಕೊಳ್ಳುವುದು ಒಳ್ಳೆಯದು.

ಟೈಪ್–ಸಿಯಿಂದ ನೇರವಾಗಿ ಎಚ್‌ಡಿಎಂಐಗೆ ಹೋಗುವ ಕೇಬಲ್ಲನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿ. ಲ್ಯಾಪ್‌ಟಾಪಿಗೆ ಒಗ್ಗುವ ಆ ಕೇಬಲ್ ಸ್ವಿಚ್ 2ಕ್ಕೂ ಒಗ್ಗುತ್ತದೆ ಎನ್ನಲಾಗದು. ಬೇರೆ ಕಂಪನಿಗಳ ಅನೇಕ ಡಾಕ್‌ಗಳೇ ಅದರೊಂದಿಗೆ ಕೆಲಸ ಮಾಡಿಲ್ಲ.

ಉತ್ತರ 2 (ಕೇಶ್ವಾಪುರ, ಹುಬ್ಬಳ್ಳಿ)

ಮೇಲಿನವರ ಮಾತು ಸರಿಯಾಗಿದೆ. ಅಂಗಡಿಯವರು ‘ಬೇರೆಯದೇ ಕೇಬಲ್’ ಎನ್ನುವುದಕ್ಕೆ ಹಳೆಯ ರೂಢಿಯೂ ಕಾರಣವಿರಬೇಕು. ಒಂದು ಕಾಲದಲ್ಲಿ ಪ್ರತಿಯೊಂದು ಕನ್ಸೋಲಿಗೂ ಅದರದೇ ಆಕಾರದ ವಿಡಿಯೊ ಕೇಬಲ್ ಬೇಕಾಗುತ್ತಿತ್ತು. 2006ರಲ್ಲಿ ನಿಂಟೆಂಡೊ ವೀ ಬಂದಾಗ ಡಬ್ಬಿಯಲ್ಲಿ ಹಳದಿ–ಕೆಂಪು–ಬಿಳಿ ಪಿನ್ನುಗಳ ಸಾಮಾನ್ಯ ಎವಿ ಕೇಬಲ್ ಮಾತ್ರ ಇತ್ತು. 480ಪಿಯ ಸ್ವಚ್ಛ ಚಿತ್ರ ಬೇಕೆಂದವರು ಕಾಂಪೊನೆಂಟ್ (ಚಿತ್ರವನ್ನು ಮೂರು ತಂತಿಗಳಲ್ಲಿ ಬೇರೆಬೇರೆಯಾಗಿ ಸಾಗಿಸುವ) ಕೇಬಲ್ಲನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಗಿತ್ತು. ಅದೇ ವರ್ಷ ಬಂದ ಪ್ಲೇಸ್ಟೇಷನ್ 3ರಲ್ಲಿ ಎಚ್‌ಡಿಎಂಐ ಕಿಂಡಿ ಇದ್ದರೂ ಡಬ್ಬಿಯಲ್ಲಿ ಎಚ್‌ಡಿಎಂಐ ಕೇಬಲ್ ಇರಲಿಲ್ಲ. ಆ ದಿನಗಳಲ್ಲಿ ನಮ್ಮ ಭಾಗದವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯೇ ಗತಿಯಾಗಿತ್ತು.

ಇಂದು ಆ ಪರಿಸ್ಥಿತಿ ಇಲ್ಲ. ಎರಡು ಮೀಟರಿನ ಪ್ರಮಾಣೀಕೃತ ಕೇಬಲ್‌ಗಳು ಹುಬ್ಬಳ್ಳಿಯಲ್ಲಿ, ವಿಶೇಷವಾಗಿ ಕಂಪ್ಯೂಟರ್ ಬಿಡಿಭಾಗ ಮಾರುವವರಲ್ಲಿ, ಹುಡುಕಿದರೆ ಸಿಗುತ್ತವೆ; ಟಿವಿ ಅಂಗಡಿಗಳಿಗಿಂತ ಮೊದಲು ಅಲ್ಲಿಗೆ ಹೋಗಿರಿ. ಐದು ಮೀಟರಿನದನ್ನು ಅವರು ಇಟ್ಟುಕೊಂಡಿರುವುದು ಅಪರೂಪ. ಹೇಳಿದರೆ ರಾತ್ರಿ ಬಸ್ಸಿನ ಪಾರ್ಸಲ್‌ನಲ್ಲಿ ತರಿಸಿಕೊಡುತ್ತಾರೆ. ಆದರೆ ನಾಲ್ಕು ದಿನ ಬಳಸಿ ನೋಡಿ, ಪರದೆ ಕಪ್ಪಾದರೆ ಹಿಂದಿರುಗಿಸುವ ಮಾತನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿರಿ. ಬಿಲ್ ಕೊಡಲು ಹಿಂಜರಿಯುವವರಲ್ಲಿ ಕೊಳ್ಳಲೇಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಒಂದೇ ಕಿಂಡಿಯಲ್ಲಿ ಎರಡೂ ಕೇಬಲ್‌ಗಳನ್ನು ಹಾಕಿ ನೋಡಿದೆ. ಹಳೆಯ ಕೇಬಲ್ಲಿನಲ್ಲಿ ಮಾತ್ರ ಪರದೆ ಕಪ್ಪಾಗುತ್ತದೆ. ಹೊಸದನ್ನು ತರಿಸಿದರೂ ಅದನ್ನು ಗೋಡೆಯೊಳಗಿನ ಮುಕ್ಕಾಲು ಇಂಚಿನ ಪೈಪಿನಲ್ಲಿ ಎಳೆಯಲು ಸಾಧ್ಯವೇ? ಹಳೆಯದನ್ನು ಪೈಪ್ ಹಾಕುವಾಗಲೇ ಅದರೊಳಗೆ ಕೂಡಿಸಿದ್ದರು.

ಉತ್ತರ 3 (ನವನಗರ, ಹುಬ್ಬಳ್ಳಿ, ವಿದ್ಯುತ್ ಕೆಲಸ)

ಎಳೆಯುವುದು ಕಷ್ಟ ಸರ್. ಮುಕ್ಕಾಲು ಇಂಚು ಎಂದರೆ ಹೊರಗಿನ ಅಳತೆಯಲ್ಲಿ 19 ಮಿಲಿಮೀಟರ್; ಒಳಗಿನ ಜಾಗ ಅದಕ್ಕಿಂತ ಕಡಿಮೆ. ಎಚ್‌ಡಿಎಂಐ ತಲೆಯ ಲೋಹದ ಭಾಗವೇ ಸುಮಾರು 14 ಮಿಲಿಮೀಟರ್ ಅಗಲವಿದ್ದು, ಅದರ ಹಿಂದಿನ ಪ್ಲಾಸ್ಟಿಕ್ ಹಿಡಿಕೆ ಸಾಮಾನ್ಯವಾಗಿ 20 ಮಿಲಿಮೀಟರ್ ಆಸುಪಾಸಿನಲ್ಲಿರುತ್ತದೆ. ಮೂಲೆಯಲ್ಲಿ ಎಲ್ಬೋ (ಬಾಗಿದ ಪೈಪ್ ತುಂಡು) ಹಾಕಿದ್ದರಂತೂ ತಲೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಬಲವಂತವಾಗಿ ಎಳೆದರೆ ಒಳಗಿನ ಸಣ್ಣ ತಂತಿಗಳು ತುಂಡಾಗಿ ಹೊಸ ಕೇಬಲ್ ಹಾಳಾಗುತ್ತದೆ. ಹಳೆಯದನ್ನು ಕತ್ತರಿಸಿ ತೆಗೆಯುವ ಅವಸರವೂ ಬೇಡ, ನಿಮ್ಮ ಸೆಟ್‌ಟಾಪ್ ಬಾಕ್ಸ್ ಅದರ ಮೇಲೆಯೇ ನಡೆಯುತ್ತಿದೆ.

ಆಪ್ಟಿಕಲ್ ಫೈಬರ್ ಎಚ್‌ಡಿಎಂಐ ಕೇಬಲ್ ಎಂದು ಸಿಗುತ್ತದೆ. ಅದು ತೆಳ್ಳಗಿದ್ದು, ಕೆಲವು ಮಾದರಿಗಳಲ್ಲಿ ತಲೆಯನ್ನು ಕಳಚಿ ಎಳೆದು, ಆಮೇಲೆ ಜೋಡಿಸಬಹುದು. ಐದು ಮೀಟರಿಗಿಂತ ಹೆಚ್ಚಿನ ದೂರಕ್ಕೆ ನಾನು ಅದನ್ನೇ ಹಾಕುತ್ತೇನೆ. ಅದಕ್ಕೆ ದಿಕ್ಕು ಇರುತ್ತದೆ: ‘ಸೋರ್ಸ್’ ಎಂದು ಬರೆದ ತುದಿ ಡಾಕ್‌ನ ಕಡೆಗೆ, ‘ಡಿಸ್‌ಪ್ಲೇ’ ಎಂದು ಬರೆದ ತುದಿ ಟಿವಿಯ ಕಡೆಗೆ ಬರಬೇಕು. ತಿರುಗಾಮುರುಗಾ ಎಳೆದರೆ ಚಿತ್ರವೇ ಬರುವುದಿಲ್ಲ, ಮತ್ತೆ ಹೊರಗೆಳೆಯಬೇಕಾಗುತ್ತದೆ.

ಆದರೆ ನಿಮ್ಮ ಮನೆಗೆ ಇದಾವುದೂ ಬೇಡ ಎಂಬುದು ನನ್ನ ಅಭಿಪ್ರಾಯ. ಸ್ವಿಚ್ 2ರ ಡಾಕ್ ಒಂದು ದಪ್ಪ ಪುಸ್ತಕದಷ್ಟಿದೆ, ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗಳಿಗೆ ತಂತಿ ಬೇಕಿಲ್ಲ. ಟಿವಿಯ ಕೆಳಗೆ ಗೋಡೆಗೆ ಒಂದಡಿಯ ಹಲಗೆ ಹೊಡೆಸಿ, ಡಾಕ್ ಅನ್ನು ಅಲ್ಲಿಯೇ ಇಟ್ಟು, ಡಬ್ಬಿಯಲ್ಲಿ ಬಂದ ಕೇಬಲ್ಲನ್ನೇ ಬಳಸಿರಿ. ಟಿವಿಯ ಹಿಂದೆ ಪ್ಲಗ್ ಪಾಯಿಂಟ್ ಇದ್ದೇ ಇರುತ್ತದೆ. ಕನ್ಸೋಲ್ ದುಬೈನಿಂದ ಬಂದದ್ದಾದ್ದರಿಂದ ಅಡಾಪ್ಟರಿನ ಪಿನ್ ನಮ್ಮ ಪ್ಲಗ್ಗಿಗೆ ಸಡಿಲವಾಗದಂತೆ ಒಳ್ಳೆಯ ಕನ್ವರ್ಟರ್ ಹಾಕಿಸಿರಿ.

ಪ್ರಶ್ನೆ ಕೇಳಿದವರು

ಹಲಗೆಯ ಸಲಹೆ ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾಯಿತು. ಬಡಗಿಗೆ ಹೇಳಿದ್ದೇನೆ. ಡಬ್ಬಿಯ ಕೇಬಲ್ ತುಸು ಗಿಡ್ಡವಾದರೆ ಪ್ರಮಾಣೀಕರಣದ ಚೀಟಿ ಇರುವ ಎರಡು ಮೀಟರಿನದನ್ನು ಹುಬ್ಬಳ್ಳಿಯಲ್ಲಿಯೇ, ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ, ಬಿಲ್ ಸಹಿತ ಕೊಳ್ಳುತ್ತೇನೆ.