ಜೋಡಿ ಡ್ಯಾನ್ಸಿಗೆ ಹಳೇ ಹಾಲಿವುಡ್ ಹಾಡು: ಮೂರರಲ್ಲಿ ಯಾವುದು? ಮಾಡಿದವರು ಹೇಳಿ

ಸಂಪಿಗೆರಸ್ತೆ (ಪ್ರಶ್ನೆ):
ಡಿಸೆಂಬರಿಗೆ ನಮ್ಮ ಬಡಾವಣೆ ಸಂಘದ ವಾರ್ಷಿಕೋತ್ಸವ. ನಾನು, ನಮ್ಮ ಮನೆಯವರು ಸೇರಿ ಹಳೇ ಹಾಲಿವುಡ್‌ನ ಒಂದು ಪ್ರೇಮದ ಹಾಡಿಗೆ ಕುಣೀಬೇಕು ಅಂತಿದ್ದೀವಿ. ಪಟ್ಟಿಯಲ್ಲಿ ಉಳಿದಿರೋದು ಮೂರು: ‘ಟಾಪ್ ಹ್ಯಾಟ್’ (1935) ಚಿತ್ರದ ‘ಚೀಕ್ ಟು ಚೀಕ್’, ‘ಸಿಂಗಿನ್ ಇನ್ ದ ರೇನ್’ (1952) ಚಿತ್ರದ ‘ಯು ವರ್ ಮೆಂಟ್ ಫಾರ್ ಮಿ’, ‘ದ ಬ್ಯಾಂಡ್ ವ್ಯಾಗನ್’ (1953) ಚಿತ್ರದ ‘ಡ್ಯಾನ್ಸಿಂಗ್ ಇನ್ ದ ಡಾರ್ಕ್’. ನನಗೆ ಭರತನಾಟ್ಯ ಜೂನಿಯರ್ ಆಗಿದೆ. ಅವರಿಗೆ ಕುಣಿತ ಗೊತ್ತಿಲ್ಲ, ಬಲ ಮಂಡಿ ನೋವು ಬೇರೆ. ಸ್ಟೇಜು 20 × 16 ಅಡಿ, ಎರಡೂವರೆ ತಿಂಗಳು ಸಮಯ. ಯಾವುದು ಆಗುತ್ತೆ?

ಗರಿ_ಬೇಡ:
ನಮ್ಮದು ಚೀಕ್ ಟು ಚೀಕ್. ಇವತ್ತಿಗೂ ಅದೇ ಸರಿ ಅಂತೀನಿ, ಆದರೆ ಗರಿಯ ಗೌನಿನ ಆಸೆ ಬಿಡಿ. ಚಿತ್ರದ ನಾಯಕಿ ಜಿಂಜರ್ ರೋಜರ್ಸ್ ಹಾಕಿದ್ದ ಆಸ್ಟ್ರಿಚ್ ಗರಿಯ ಗೌನು ಶೂಟಿಂಗಿನಲ್ಲೇ ಉದುರಿ ಜೊತೆಗೆ ಕುಣಿದ ಫ್ರೆಡ್ ಆಸ್ಟೇರ್ ಸೂಟಿಗೆಲ್ಲ ಮೆತ್ತಿಕೊಂಡಿತ್ತು. ಅವರಿಗೆ ಸಿಟ್ಟು ಬಂತು, ಆಕೆಗೆ ‘ಫೆದರ್ಸ್’ ಅನ್ನೋ ಅಡ್ಡಹೆಸರು ಬಿತ್ತು. ಗಮನವಿಟ್ಟು ನೋಡಿದರೆ ಗರಿ ಹಾರೋದು ಈಗಲೂ ಪರದೆ ಮೇಲೆ ಕಾಣುತ್ತೆ.

ಯಾಕೆ ಉದುರುತ್ತೆ ಅಂದರೆ, ಅಂಗಡಿಯ ಗರಿಮಾಲೆಯಲ್ಲಿ ಗರಿಯ ಬುಡವನ್ನು ದಾರಕ್ಕೆ ಸುತ್ತಿರ್ತಾರೆ ಅಷ್ಟೇ, ಗಂಟು ಇರಲ್ಲ. ಟೈಲರ್ ಗ್ಲೂ ಗನ್‌ನಲ್ಲಿ ಅಂಟಿಸಿದರೆ ಅಂಟು ಗಟ್ಟಿಯಾಗಿ, ಬಟ್ಟೆ ಮಡಿಸಿದ ಕಡೆ ಬಿರಿಯುತ್ತೆ. ಗೌನಿನ ಅಂಚು ಎರಡೂವರೆ ಮೀಟರ್, ಮೂರು ಸಾಲು ಅಂದರೆ ಏಳೂವರೆ ಮೀಟರ್. ಒಂದು ಮಾಲೆ 1.8 ಮೀಟರ್ ಇರುತ್ತೆ, ಐದು ಬೇಕು. 1,400ರಂತೆ 7,000 ರೂಪಾಯಿ, ಹೊಲಿಗೆ 3,500. ಮೊದಲ ಸಲ ಬೆನ್ನು ಬಾಗಿಸಿದಾಗಲೇ ಅಷ್ಟೂ ನೆಲಕ್ಕೆ. ಹಾಕಲೇಬೇಕು ಅಂದರೆ ಒಂದೊಂದು ಅಂಗುಲಕ್ಕೂ ಬುಡ ಸುತ್ತಿ ಕೈಹೊಲಿಗೆ, ಹೊಲಿಗೆಗೊಂದು ಗಂಟು. ಅಂಚಿಗೆ ಮಾತ್ರ ಹಾಕಿ. ಭುಜಕ್ಕೆ ಹಾಕಿದರೆ ಗಂಡಸಿನ ಬಾಯಿಗೇ ಬರುತ್ತೆ.

ಇನ್ನು ಲೆಕ್ಕ. ಆ ಕಾಲದ ಹಾಡು ಸಾಮಾನ್ಯವಾಗಿ 32 ಬಾರ್ (ಒಂದು ಬಾರ್ ಅಂದರೆ 4 ಬೀಟ್). ಈ ಹಾಡು ಕಟ್ಟಿದ ಅರ್ವಿಂಗ್ ಬರ್ಲಿನ್ ಇದನ್ನ 72 ಬಾರ್ ಮಾಡಿದ್ದಾರೆ: 16, 16, 8, 8, 8, 16. ಫಾಕ್ಸ್‌ಟ್ರಾಟ್ ಅನ್ನೋ ಜೋಡಿ ನೃತ್ಯದ ಸ್ಲೋ ಸ್ಲೋ ಕ್ವಿಕ್ ಕ್ವಿಕ್ ಹೆಜ್ಜೆ ಒಂದು ಸುತ್ತಿಗೆ 6 ಬೀಟ್ (ಸ್ಲೋಗೆ 2, ಕ್ವಿಕ್ಕಿಗೆ 1). 16 ಬಾರ್ ಅಂದರೆ 64 ಬೀಟ್; ಹತ್ತು ಸುತ್ತು ಮುಗಿದು 4 ಬೀಟ್ ಉಳಿಯುತ್ತೆ, ಅಲ್ಲಿ ಎರಡು ಸ್ಲೋ. 8 ಬಾರಿನ ಭಾಗದಲ್ಲಿ ಐದು ಸುತ್ತು, 2 ಬೀಟ್ ಉಳಿಕೆ, ಅಲ್ಲಿ ಒಂದು ಸ್ಲೋ. ಇದನ್ನ ಮೊದಲೇ ಹಾಕಿಕೊಳ್ಳದಿದ್ದರೆ ಎರಡನೇ ಭಾಗ ಶುರುವಾಗುವಾಗ ಇಬ್ಬರ ಕಾಲೂ ತಪ್ಪುತ್ತೆ. ಆದಿತಾಳದಲ್ಲಿ ಪಳಗಿದವರಿಗೆ ಕಷ್ಟ ಇನ್ನೂ ಜಾಸ್ತಿ, ಕಿವಿ ಎಂಟಕ್ಕೇ ಸಮ ಹುಡುಕುತ್ತೆ.

ಕಪ್ಪುಪಾರ್ಕು:
ಗರಿಗೆ 7,000 ಕೊಟ್ಟು ಈಗ ಬೇರೆಯವರಿಗೆ ಅದೇ ಹಾಡು ಹೇಳ್ತೀರಾ? ಡ್ಯಾನ್ಸಿಂಗ್ ಇನ್ ದ ಡಾರ್ಕ್ ಮುಂದೆ ಯಾವುದೂ ನಿಲ್ಲಲ್ಲ. ಆಸ್ಟೇರ್, ಸಿಡ್ ಚರೀಸ್ ಇಬ್ಬರೂ ಒಂದಕ್ಷರ ಹಾಡಲ್ಲ. 1931ರ ಹಾಡಿನ ಬರೀ ವಾದ್ಯ. ಜನರು ಕುಣೀತಿರೋ ಜಾಗ ದಾಟಿ ಪಾರ್ಕಿನೊಳಗೆ ಸುಮ್ಮನೆ ನಡೀತಾರೆ, ಆ ನಡಿಗೆಯಲ್ಲೇ ಹೆಜ್ಜೆ ಕೂಡಿಬಿಟ್ಟಿರುತ್ತೆ. ಆಕೆ ಒಂದು ಸುತ್ತು ತಿರುಗಿ ನೋಡ್ತಾಳೆ, ಆತ ಉತ್ತರ ಕೊಡ್ತಾನೆ. ಇಬ್ಬರಿಗೂ ಒಟ್ಟಿಗೆ ಕುಣಿಯೋಕಾಗುತ್ತಾ ಅನ್ನೋದೇ ಕಥೆಯಲ್ಲಿದ್ದ ಪ್ರಶ್ನೆ. ಅದಕ್ಕೆ ಉತ್ತರ ಮಾತಲ್ಲಿ ಬರಲ್ಲ, ಕಾಲಲ್ಲಿ ಬರುತ್ತೆ. ಹಾಗಾಗಿ ಮೊದಲ ನಡಿಗೆ ಕತ್ತರಿಸಬೇಡಿ. ಸಮಯ ಉಳಿಸೋಕೆ ಅಂತ ಎಲ್ಲರೂ ಅದನ್ನೇ ಕತ್ತರಿಸಿ ಹಾಳು ಮಾಡ್ತಾರೆ.

ಚಪ್ಪಟೆ ಶೂ ಸಾಕು, ಚರೀಸ್ ಹಾಕಿರೋದೂ ಅದೇ. ಬಿಳಿ ಸ್ಕರ್ಟಿಗೆ ಪೂರ್ತಿ ವೃತ್ತದ ಕಟಿಂಗ್. ಸೊಂಟ 28, ಉದ್ದ 28 ಅಂಗುಲ ಅಂದರೆ 44 ಅಂಗುಲ ಪನ್ನದ ಜಾರ್ಜೆಟ್ 3.6 ಮೀಟರ್ ಬೇಕು, ಅರ್ಧವೃತ್ತದ ಎರಡು ತುಂಡು ಬರುತ್ತೆ. ಅಂಚು ಐದು ಮೀಟರ್ ದಾಟುತ್ತೆ, ತಿರುಗಿದರೆ ಚೆನ್ನಾಗಿ ಅರಳುತ್ತೆ. ಕತ್ತರಿಸಿದ ತಕ್ಷಣ ಅಂಚು ಮಡಿಸಿ ಹೊಲಿಯೋಕೆ ಬಿಡಬೇಡಿ. ಎರಡು ದಿನ ತೂಗುಹಾಕಿ. ಓರೆ ಎಳೆಯಲ್ಲಿರೋ ಬಟ್ಟೆ ತನ್ನ ಭಾರಕ್ಕೇ ಇಳಿಯುತ್ತೆ, ನಾಲ್ಕು ಕಡೆ ಒಂದೊಂದು ಅಂಗುಲ ಹೆಚ್ಚುಕಡಿಮೆ ಆಗುತ್ತೆ. ಆಮೇಲೆ ನೆಲದಿಂದ ಅಳೆದು ಸಮ ಮಾಡಿಸಿ. ನಮ್ಮ ಟೈಲರ್ ಇದನ್ನ ಕೇಳಲೇ ಇಲ್ಲ, ಬಿಚ್ಚಿ ಮತ್ತೆ ಹೊಲಿಯೋಕೆ ಇನ್ನೂ 900.

ಕೊನೆಯಲ್ಲಿ ಮೆಟ್ಟಿಲು ಹತ್ತಿ ಕುದುರೆಗಾಡಿಯಲ್ಲಿ ಕೂರ್ತಾರಲ್ಲ, ಅದಕ್ಕೆ 18 ಅಂಗುಲ ಎತ್ತರದ ಬೆಂಚು ಸಾಕು. ಇಬ್ಬರೂ ಒಂದೇ ಬೀಟಿಗೆ ಕೂರಬೇಕು.

ಏಣಿಗಾರ:
ಕಪ್ಪುಪಾರ್ಕು ಅವರೇ, ಚರೀಸ್ ಬ್ಯಾಲೆಯವರು. ಅವರ ಕಾಲು ಯಾರಿಗೆ ಬರುತ್ತೆ? ಯು ವರ್ ಮೆಂಟ್ ಫಾರ್ ಮಿ ಕುಣಿದಾಗ ಡೆಬಿ ರೆನಾಲ್ಡ್ಸ್ ಇನ್ನೂ ಚಿಕ್ಕ ಹುಡುಗಿ, ನೃತ್ಯ ಕಲಿತವಳಲ್ಲ. ಜೊತೆಗೆ ಕುಣಿದ ಜೀನ್ ಕೆಲ್ಲಿ ಅದಕ್ಕೆ ತಕ್ಕಂತೆ ಹೆಜ್ಜೆ ಕಟ್ಟಿದ್ದಾರೆ: ಪಕ್ಕಪಕ್ಕ ನಿಂತು ಒಂದೇ ಹೆಜ್ಜೆ, ಸರಳ ತಿರುವು. ಪ್ರೇಮ ಇರೋದು ಖಾಲಿ ಸ್ಟುಡಿಯೋದಲ್ಲಿ ಒಂದೊಂದೇ ಸ್ವಿಚ್ ಹಾಕೋದರಲ್ಲಿ. ಸಂಜೆಬಣ್ಣ, ಮಂಜು, ಬೆಳದಿಂಗಳು, ಫ್ಯಾನಿನ ಗಾಳಿ. ಹುಡುಗಿ ಏಣಿ ಮೇಲೆ.

ಎ ಆಕಾರದ ಅಲ್ಯೂಮಿನಿಯಂ ಏಣಿ, ಆರಡಿ, ಕಾಲಿಗೆ ರಬ್ಬರ್ ಬೂಟು. ಮೂರನೇ ಮೆಟ್ಟಿಲಿಗಿಂತ ಮೇಲೆ ಹತ್ತಿಸಬೇಡಿ. ಪೆಡೆಸ್ಟಲ್ ಫ್ಯಾನು ಸ್ಟೇಜಿನ ಪಕ್ಕದ ಪರದೆಯ ಹಿಂದೆ, ಅಡ್ಡಕ್ಕೆ. ಎದುರಿಗಿಟ್ಟರೆ ಕೂದಲು ಮುಖಕ್ಕೆ ಬರುತ್ತೆ, ಕಾಲರ್ ಮೈಕಿನಲ್ಲಿ ಬರೀ ಗಾಳಿ ಕೇಳುತ್ತೆ. ಮಂಜಿನ ಯಂತ್ರ ಮಾತ್ರ ಬೇಡ. ಫಾಗ್ ಲಿಕ್ವಿಡ್ ನೆಲದ ಮೇಲೆ ಜಿಡ್ಡಿನ ಪದರ ಬಿಡುತ್ತೆ. ಡ್ರೈ ಐಸ್ ಆದರೆ ನೀರು ಕಟ್ಟುತ್ತೆ. ಎರಡರಲ್ಲೂ ಕಾಲು ಜಾರೋದು ಖಂಡಿತ. ಬಾಡಿಗೆ 2,500, ಲಿಕ್ವಿಡ್ 600, ಅದು ಪೂರ್ತಿ ದಂಡ.

ತಲೆಯಿಂದ_ಕಾಲಿಗೆ:
ಕೆಲ್ಲಿಯದು ಕಸರತ್ತು. ಆಸ್ಟೇರ್ ತಲೆಯಿಂದ ಕಾಲಿನವರೆಗೆ ಇಡೀ ದೇಹ ಚೌಕಟ್ಟಿನಲ್ಲಿ ಇರಬೇಕು, ಕಟ್ ಆದಷ್ಟು ಕಡಿಮೆ ಇರಬೇಕು ಅಂತ ಹಠ ಹಿಡಿದವರು. ‘ಸ್ವಿಂಗ್ ಟೈಮ್’ (1936) ಚಿತ್ರದ ‘ನೆವರ್ ಗೊನ್ನ ಡ್ಯಾನ್ಸ್’ಗೆ 47 ಟೇಕ್ ಆಯ್ತು, ರೋಜರ್ಸ್ ಪಾದದಲ್ಲಿ ರಕ್ತ ಬಂತು. ಅಗಲಿಕೆಯ ನೃತ್ಯ ಅದು, ಪ್ರೇಮದ ಉಳಿದೆಲ್ಲ ಹಾಡಿಗಿಂತ ಮೇಲು.

ಏಣಿಗಾರ:
ಕಸರತ್ತು ಅನ್ನೋ ಮಾತು ವಾಪಸ್ ತಗೊಳ್ಳಿ ಸರ್. ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’ (1951) ಚಿತ್ರದಲ್ಲಿ ಸೇನ್ ನದಿ ದಂಡೆಯ ಸೆಟ್ಟಿನಲ್ಲಿ ಕೆಲ್ಲಿ, ಲೆಸ್ಲಿ ಕ್ಯಾರನ್ ಕುಣಿದಿರೋದು ನೋಡಿ. ಒಂದು ಹಾರಿಕೆ ಇಲ್ಲ, ಜೋರಿಲ್ಲ. ಇಬ್ಬರೂ ದೂರ ಸರಿದು ಮತ್ತೆ ಹತ್ತಿರ ಬರೋದರಲ್ಲೇ ಎಲ್ಲ ಇದೆ. ಇಷ್ಟು ಗೊತ್ತಿದ್ದೂ ಕಸರತ್ತು ಅನ್ನೋದು ಅನ್ಯಾಯ.

ನೆಲ_ಮೊದಲು:
ಎಲ್ಲರೂ ಬಟ್ಟೆ, ಹಾಡು ಅಂತಿದ್ದೀರಿ, ನೆಲದ ಬಗ್ಗೆ ಒಬ್ಬರೂ ಹೇಳಿಲ್ಲ. ಶಾಮಿಯಾನದವರು ಹಲಗೆ ಮೇಲೆ ಕಾರ್ಪೆಟ್ಟು ಹಾಸಿ ಕೊಡ್ತಾರೆ. ಅದರ ಮೇಲೆ ತಿರುಗಿದರೆ ಪಾದ ಕಚ್ಚಿಕೊಂಡು ನಿಲ್ಲುತ್ತೆ, ಮೈ ತಿರುಗುತ್ತೆ, ಆ ತಿರುಚು ಅಷ್ಟೂ ಮಂಡಿಗೆ. ಮಂಡಿನೋವು ಇರೋರಿಗೆ ಹಾಡು ಯಾವುದಾದರೂ ಇದು ಆಗಲ್ಲ. ಕಾರ್ಪೆಟ್ಟು ತೆಗೆಸಿ 12 ಎಂಎಂ ಪ್ಲೈವುಡ್ ಹಾಕಿಸಿ. 16 × 12 ಅಡಿಗೆ 8 × 4ರ ಆರು ಹಾಳೆ. ಸ್ಕ್ರೂ ತಲೆ ಪ್ಲೈ ಒಳಗೆ ಹೂತಿರಬೇಕು, ಜೋಡಣೆ ಮೇಲೆ ಅಗಲದ ಟೇಪು. ಚದರಡಿಗೆ 60ರಂತೆ 11,520 ರೂಪಾಯಿ. ಬಡಗಿಗಳ ಹತ್ತಿರ ಬಾಡಿಗೆಗೆ ಕೇಳಿದರೆ ಅರ್ಧಕ್ಕೂ ಕಡಿಮೆ. ಪೌಡರ್ ಹಾಕಬೇಡಿ. ಶೂ ಅಟ್ಟೆಗೆ ಮೆತ್ತನೆ ಚರ್ಮ ಅಂಟಿಸಿ, ಅದನ್ನ ತಂತಿ ಬ್ರಷ್‌ನಲ್ಲಿ ಉಜ್ಜಿ.

‘ಸೌಂಡ್ ಆಫ್ ಮ್ಯೂಸಿಕ್’ (1965) ಚಿತ್ರದ ಗಾಜಿನ ಮಂಟಪದ ಹಾಡಿನಲ್ಲಿ ಚಾರ್ಮಿಯನ್ ಕಾರ್ ಬೆಂಚಿನ ಮೇಲಿಂದ ಜಾರಿ ಗಾಜು ಒಡೆದುಕೊಂಡು ಹೋಗಿದ್ದು ಶೂ ತಳಕ್ಕೆ ರಬ್ಬರ್ ಇರಲಿಲ್ಲ ಅಂತ. ಪಾದದ ಗಂಟಿಗೆ ಪಟ್ಟಿ ಕಟ್ಟಿಕೊಂಡೇ ಕುಣಿದರು. ಬೆಂಚಿಗೆ ರಬ್ಬರ್, ನೆಲಕ್ಕೆ ಚರ್ಮ. ಒಂದೇ ಶೂನಲ್ಲಿ ಎರಡೂ ಆಗಲ್ಲ. ಕಪ್ಪುಪಾರ್ಕು ಅವರು ಹೇಳಿದ ಬೆಂಚಿಗೂ ಇದೇ ಮಾತು: ಕೂರಿ, ಹತ್ತಬೇಡಿ.

ಗರಿ_ಬೇಡ:
ಸೌಂಡ್ ಆಫ್ ಮ್ಯೂಸಿಕ್ ಇಲ್ಲಿಗೆ ಯಾಕೆ ಬಂತು? ಕೇಳಿರೋದು ಆಸ್ಟೇರ್, ಕೆಲ್ಲಿ ಕಾಲದ್ದು. ಇನ್ನೊಂದು ಮಾತು: ಎಲ್ಲರೂ ಗಂಡಸರನ್ನೇ ಹೊಗಳ್ತೀರಿ. ಆಸ್ಟೇರ್ ಮಾಡಿದ್ದನ್ನೆಲ್ಲ ನಾನೂ ಮಾಡಿದೆ, ಅದೂ ಹಿಮ್ಮುಖವಾಗಿ, ಹೈಹೀಲ್ಸ್ ಹಾಕಿಕೊಂಡು ಅಂತ ರೋಜರ್ಸ್ ತಾವೇ ಹೇಳಿದ್ದಾರೆ.

ತಲೆಯಿಂದ_ಕಾಲಿಗೆ:
ಹೇಳಿಲ್ಲ ಮೇಡಂ. ಅದು ಬಾಬ್ ಥೇವ್ಸ್ 1982ರಲ್ಲಿ ಬರೆದ ಒಂದು ಪತ್ರಿಕೆಯ ಕಾರ್ಟೂನಿನ ಸಾಲು. ಆಕೆಯ ಶ್ರಮಕ್ಕೆ ಸಾಕ್ಷಿ ಬೇಕಿದ್ದರೆ ‘ಫಾಲೋ ದ ಫ್ಲೀಟ್’ (1936) ನೋಡಿ. ಮಣಿ ಹೊಲಿದ ಗೌನಿನ ತೋಳು ಅಷ್ಟು ಭಾರ, ತಿರುಗುವಾಗ ಆಸ್ಟೇರ್ ಮುಖಕ್ಕೇ ಬಡೀತು. ಸುಮಾರು 20 ಟೇಕ್ ತೆಗೆದು ಕೊನೆಗೆ ಮೊದಲನೇದನ್ನೇ ಇಟ್ಟುಕೊಂಡರು.

ಗರಿ_ಬೇಡ:
ಸಾಲು ಯಾರದ್ದಾದರೂ ಇರಲಿ, ಮಾತು ನಿಜ ತಾನೇ? ಹೆಂಗಸು ಹಿಮ್ಮುಖ ಹೋಗಬೇಕಾದ್ದು ಅಷ್ಟು ಕಷ್ಟ, ಅದನ್ನ ಇಲ್ಲಿ ಯಾರೂ ಬರೆದಿಲ್ಲ.

ಸಂಪಿಗೆರಸ್ತೆ:
ಪ್ಲೈವುಡ್ ವಿಚಾರಿಸ್ತೀನಿ, ಥ್ಯಾಂಕ್ಸ್. ಅವರಿಗೆ ಬಲ ಮಂಡಿ ಬಗ್ಗಲ್ಲ. ಬೆನ್ನು ಬಾಗಿಸೋ ಭಾಗ ಬಿಡಬೇಕಾ? ನನಗೆ ಹಿಮ್ಮುಖ ಹೆಜ್ಜೆ ಕೂರ್ತಿಲ್ಲ, ಪಾದ ತಟ್ಟಿಬಿಡ್ತೀನಿ.

ನೆಲ_ಮೊದಲು:
ಭರತನಾಟ್ಯದವರಿಗೆಲ್ಲ ಹೀಗೇ ಆಗುತ್ತೆ ಅಕ್ಕ. ಅರಮಂಡಿ ಬಿಟ್ಟು ನೆಟ್ಟಗೆ ನಿಂತು, ಮೊದಲು ತೊಡೆಯಿಂದ ಕಾಲು ಹಿಂದಕ್ಕೆ ಕಳಿಸಿ. ಬೆರಳು ಮೊದಲು ನೆಲ ಮುಟ್ಟಬೇಕು, ಭಾರ ಆಮೇಲೆ ಹೋಗಬೇಕು, ಹಿಮ್ಮಡಿ ಕೊನೆಗೆ. ಗೋಡೆಗೆ ಎರಡೂ ಅಂಗೈ ಊರಿ, ಹಾಡಿಲ್ಲದೆ ಅಭ್ಯಾಸ ಮಾಡಿ. ಪಾದ ತಟ್ಟಿದ ಸದ್ದು ಕೇಳಿದರೆ ಭಾರ ಬೇಗ ಹೋಗಿದೆ ಅಂತ ಅರ್ಥ.

ಬೆನ್ನು ಬಾಗಿಸೋದು ಬಿಡಬೇಕಿಲ್ಲ. ಅವರು ಎಡಗಾಲು ಪಕ್ಕಕ್ಕೆ ಇಟ್ಟು ಎಡಮಂಡಿ ಬಗ್ಗಿಸಲಿ, ಬಲಗಾಲು ನೆಟ್ಟಗೇ ಇರಲಿ. ನಿಮ್ಮ ಭಾರ ನಿಮ್ಮ ಕಾಲ ಮೇಲೇ ಇರಬೇಕು, ಅವರ ಕೈ ನಿಮ್ಮ ಬೆನ್ನಿನ ಮೇಲೆ, ಭುಜದ ಮೂಳೆ ಕೆಳಗೆ ಬರೀ ಆಸರೆಗೆ. ಅವರು ಕೈ ತೆಗೆದರೂ ನೀವು ಬೀಳದಷ್ಟು ಮಾತ್ರ ಬಾಗಿ. ಚೀಕ್ ಟು ಚೀಕ್‌ನಲ್ಲಿ ಮೂರು ಸಲ ಇದೆ, ನೀವು ಒಂದೇ ಇಟ್ಟುಕೊಳ್ಳಿ.

ಕಪ್ಪುಪಾರ್ಕು:
ಅಂದರೆ ಚೀಕ್ ಟು ಚೀಕ್ ಅಂತ ನೀವೇ ತೀರ್ಮಾನ ಮಾಡಿಬಿಟ್ಟಿರಾ? ಮಂಡಿ ಬಗ್ಗದವರಿಗೆ ನಡಿಗೆಯ ನೃತ್ಯ ಬಿಟ್ಟು ಬೇರೆ ಹೇಳೋದು ತಪ್ಪು.

ನೆಲ_ಮೊದಲು:
ನಿಮ್ಮ ಹಾಡಿನ ಕೊನೆಗೆ ಮೆಟ್ಟಿಲು ಇದೆ ಸ್ವಾಮಿ, ತಿರುಗುತ್ತಾ ಹತ್ತಬೇಕು. ಮಂಡಿ ಬಗ್ಗದೆ ಹೇಗೆ ಹತ್ತೋದು, ಅದನ್ನ ಮೊದಲು ಬರೀರಿ.