ವೆಬ್‌ಸೈಟ್‌ನಲ್ಲಿ ಗಿರಾಕಿಗಳಿಂದ ಕ್ರೆಡಿಟ್ ಕಾರ್ಡ್ ಪೇಮೆಂಟ್ ತಗೊಳ್ಳೋದು ಹೇಗೆ? ಅನುಭವ ಇದ್ದವರು ಹೇಳಿ

ಕಾತ್ರಜ್, ಪುಣೆ: ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುತ್ತೇನೆ. ಇಷ್ಟು ದಿನ ವಾಟ್ಸಾಪ್ ಆರ್ಡರ್, ಯುಪಿಐ. ತಿಂಗಳಿಗೆ ನಲವತ್ತು ಆರ್ಡರ್, ಒಂದೊಂದು 400-500 ರೂಪಾಯಿ. ಈಗ ವೆಬ್‌ಸೈಟ್ ಆಗಿದೆ. ಕಾರ್ಡ್ ಹಣ ಸೈಟ್‌ನಲ್ಲೇ ತಗೊಳ್ಳುವ ಗೇಟ್‌ವೇ ಹಾಕಿಸಲೋ, ಬರೀ ಪೇಮೆಂಟ್ ಲಿಂಕ್ ಕಳಿಸಲೋ?

ಡೊಂಬಿವಲಿ: ನಾನು ಇಳಕಲ್ ಸೀರೆ ಮಾರುವವಳು. ಗೇಟ್‌ವೇ ಹಾಕಿಸಿ ಮೂರು ವರ್ಷ. ಫೀ ಎರಡು ಪರ್ಸೆಂಟ್ ಅಂತಾರೆ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇದೆ. 6,400ರ ಸೀರೆಗೆ 128 ರೂಪಾಯಿ, ಜಿಎಸ್‌ಟಿ 23 ರೂಪಾಯಿ 4 ಪೈಸೆ. ಅದು ಹೋಗಲಿ. ದೀಪಾವಳಿಗೆ ಒಬ್ಬರು ಸೀರೆ ತಗೊಂಡು, ತಿಂಗಳಾದ ಮೇಲೆ 'ನನಗೆ ಬಂದೇ ಇಲ್ಲ' ಎಂದು ಬ್ಯಾಂಕಿಗೆ ಬರೆದರು. ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕ್ ಅವರ ಹಣ ವಾಪಸ್ ಕೇಳಿತು! ಕೊರಿಯರ್ ಸಹಿ ತೋರಿಸಿ ಎಂದರು. ನೋಡಿದರೆ ಸಹಿ ಹಾಕಿದ್ದು ಅವರ ಸೊಸೈಟಿಯ ವಾಚ್‌ಮನ್. ಸೀರೆ ಹೋಯಿತು, 6,400 ಗೇಟ್‌ವೇನವರು ಮುಂದೆ ನನ್ನ ಖಾತೆಗೆ ಹಾಕುವ ಹಣದಲ್ಲಿ ಮುರಿದುಕೊಂಡರು, ಆ 151 ರೂಪಾಯಿಯೂ ವಾಪಸ್ ಬರಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ವಾಸ್ಕೋ: ನಿಮಗೆ ಹಣ ಬಂದು ಹೋಯಿತು ಅಕ್ಕಾ. ನನಗೆ ಶುರುವಾಗಲಿಕ್ಕೇ ಎರಡು ತಿಂಗಳು. ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಕರೆಂಟ್ ಅಕೌಂಟ್‌ನಲ್ಲಿ ಬರೀ ಇನಿಷಿಯಲ್. ಕೆವೈಸಿ ನಾಲ್ಕು ಸಲ ರಿಜೆಕ್ಟ್. ಐದನೇ ಸಲ, ವೆಬ್‌ಸೈಟ್‌ನಲ್ಲಿ ರಿಫಂಡ್ ನಿಯಮದ ಪುಟ ಇಲ್ಲ ಎಂದರು. ಮೊದಲೇ ಹೇಳಲಿಕ್ಕೆ ಏನಾಗಿತ್ತು? ನಮ್ಮದು ಬೈಕ್ ಬಾಡಿಗೆ. ಫಾರಿನ್‌ನವರ ಕಾರ್ಡ್ ಬೇಕೇ ಬೇಕು. ಅದನ್ನು ಬೇರೆ ಅರ್ಜಿ ಹಾಕಿ ಆನ್ ಮಾಡಿಸಿದೆ, ಅದಕ್ಕೆ ಮೂರು ಪರ್ಸೆಂಟ್. ಸೀಸನ್ ಅರ್ಧ ಮುಗಿದಿತ್ತು.

ಮಾಟುಂಗಾ: ಇಷ್ಟೆಲ್ಲಾ ರಗಳೆ ಯಾಕೆ? ನನ್ನ ಗಿರಾಕಿಗಳೆಲ್ಲ ಇಪ್ಪತ್ತು ವರ್ಷದಿಂದ ಬರುವವರು. ಕಾರ್ಡ್ ನಂಬರ್ ಡೈರಿಯಲ್ಲಿದೆ. ನಾನೇ ಲಿಂಕ್ ತೆರೆದು ತುಂಬುತ್ತೇನೆ, ಅವರು ಫೋನಲ್ಲಿ ಒಟಿಪಿ ಹೇಳುತ್ತಾರೆ. ಒಂದು ರೂಪಾಯಿ ಹೆಚ್ಚುಕಮ್ಮಿ ಆಗಿಲ್ಲ.

ಡೊಂಬಿವಲಿ: ಒಟಿಪಿ ಫೋನಲ್ಲಿ ಕೇಳ್ತೀರಾ ಮಾಮಾ? ವ್ಯಾಪಾರಿಗಳು ಕಾರ್ಡ್ ನಂಬರ್ ಇಟ್ಟುಕೊಳ್ಳಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಅಕ್ಟೋಬರ್ 1ರಿಂದ ನಿಯಮ ಮಾಡಿದೆ. ಅದಕ್ಕೇ ಕಾರ್ಡ್ ನಂಬರ್ ಬದಲು ಇಟ್ಟುಕೊಳ್ಳುವ ಕೋಡ್, ಟೋಕನ್, ಬಂದಿದ್ದು. ಆ ಡೈರಿ ಲೋಕಲ್ ಟ್ರೇನ್‌ನಲ್ಲಿ ಬಿದ್ದುಹೋದರೆ?

ಮಾಟುಂಗಾ: ನಾನು ಟ್ರೇನ್‌ನಲ್ಲಿ ಡೈರಿ ಹಿಡಿದು ಓಡಾಡುವುದಿಲ್ಲ. ವಾಚ್‌ಮನ್ ಕೈಗೆ ಸೀರೆಯನ್ನೂ ಕೊಡುವುದಿಲ್ಲ.

ಡೊಂಬಿವಲಿ: ಕೊಟ್ಟಿದ್ದು ಕೊರಿಯರ್‌ನವನು, ನಾನಲ್ಲ!

ಕೋಥ್ರೂಡ್: ಸಾಕು ಮಾಡ್ರೀ ಇಬ್ಬರೂ. ನಾನು ಕಾರ್ಡೇ ತೆಗೆದುಹಾಕಿದೆ. ಯುಪಿಐಗೆ 2020ರ ಜನವರಿಯಿಂದ ಎಂಡಿಆರ್, ಅಂದರೆ ವ್ಯಾಪಾರಿ ಕಟ್ಟುವ ಫೀ, ಇಲ್ಲ. ಈಗ ರುಪೇ ಕ್ರೆಡಿಟ್ ಕಾರ್ಡೂ ಯುಪಿಐನಲ್ಲೇ ನಡೆಯುತ್ತದೆ, ಫ್ರೀ.

ವಾಸ್ಕೋ: ಎಲ್ಲಾ ಫ್ರೀ ಅಲ್ಲ ಸಾರ್. ರುಪೇ ಕ್ರೆಡಿಟ್‌ಗೆ ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿವರೆಗೆ ಮಾತ್ರ. ನನ್ನ ಒಂದು ವಾರದ ಬಾಡಿಗೆಯೇ ಅದಕ್ಕಿಂತ ಜಾಸ್ತಿ.

ಕೋಥ್ರೂಡ್: ನಿಮ್ಮ ಬೈಕ್ ವಿಷಯ ಯಾರು ಕೇಳಿದರು? ಅವರದು 500 ರೂಪಾಯಿಯ ಶೇಂಗಾ ಚಟ್ನಿ. ಅದಿರಲಿ, ಸೋಲಾಪುರದ್ದು ಇಲ್ಲೇ ಎಲ್ಲಾ ಕಡೆ ಸಿಗುತ್ತದಲ್ಲ, ಆನ್‌ಲೈನ್ ಯಾರು ತರಿಸುತ್ತಾರೆ?

ಕಾತ್ರಜ್, ಪುಣೆ: ಚಟ್ನಿ ಅಲ್ಲ, ಹಿಂಡಿ. ನಮ್ಮದು ವಿಜಯಪುರದ್ದು. ಲಿಂಕ್ ಸಾಕಾ, ಗೇಟ್‌ವೇ ಬೇಕಾ ಹೇಳ್ರೀ.

ಮಾಟುಂಗಾ: ಎರಡೂ ಒಂದೇ, ಸುಮ್ನೆ ಹೆಸರು ಬೇರೆ.

ಡೊಂಬಿವಲಿ: ಲಿಂಕೂ ಗೇಟ್‌ವೇನೂ ಒಂದೇನಾ?

ಮಾಟುಂಗಾ: ಹಿಂಡಿ, ಚಟ್ನಿ ಅಂದೆನಮ್ಮಾ.